ಹಿಂದಿನ ಸಾಲು, ಎಡದಿಂದ ನಾಲ್ಕನೆಯವನು

"ಅಪ್ಪಾ, ಇಲ್ಲಿ ನಿನ್ನ ಹೆಸರಿದೆ," ಎಂದಳು ಬ್ರಯನಿ.

ಗ್ರಹಾಂ ಹಾಗ್ಬೆನ್‌ನ ಕಾಲು ಅಲ್ಲೇ ತಡೆಯಿತು. ಪರೀಕ್ಷೆ ಗೆದ್ದವರಿಗಷ್ಟೇ ಸೀಟು ಕೊಡುವ ಸರ್ಕಾರಿ ಗ್ರಾಮರ್ ಶಾಲೆಯ ಆ ಉದ್ದನೆಯ ಕಾರಿಡಾರಿನಲ್ಲಿ ಶನಿವಾರ ಬೆಳಿಗ್ಗೆ ಜನ ಕಿಕ್ಕಿರಿದಿದ್ದರು. ಪ್ರವೇಶ ಪರೀಕ್ಷೆ ಪಾಸಾದ ಮಕ್ಕಳು, ಅವರ ಹಿಂದೆ ಒದ್ದೆ ಕೋಟುಗಳಲ್ಲಿ ತಂದೆತಾಯಂದಿರು. ಅವನ ಹೆಂಡತಿ ಲಿನೆಟ್ ಆಗಲೇ ಪ್ರಯೋಗಾಲಯದ ಬಾಗಿಲು ತಲುಪಿ, ಬೇಗ ಬನ್ನಿ ಎಂದು ಕೈ ಆಡಿಸುತ್ತಿದ್ದಳು. ಮಗಳು ಮಾತ್ರ ಗೋಡೆಯ ಹಳೆಯ ಫೋಟೋಗಳಿಗೆ ಮೂಗು ತಾಗಿಸಿಕೊಂಡು ನಿಂತಿದ್ದಳು.

"ಸಾವಿರದ ಒಂಬೈನೂರ ಎಂಬತ್ತಾರು. ಹಿಂದಿನ ಸಾಲು, ಎಡದಿಂದ ನಾಲ್ಕನೆಯವನು. ಜಿ. ಹಾಗ್ಬೆನ್."

"ಈ ಕೆಂಟ್ ಕೌಂಟಿಯಲ್ಲಿ ಹಾಗ್ಬೆನ್‌ಗಳಿಗೇನು ಬರ? ನಡಿ ನಡಿ, ಅಮ್ಮ ಕಾಯ್ತಿದ್ದಾಳೆ."

"ಈ ಕಿವಿ ಇರೋ ಹಾಗ್ಬೆನ್‌ಗಳು ಎಷ್ಟು ಜನ?"

ಅಷ್ಟರಲ್ಲಿ ಲಿನೆಟ್ ಜನರನ್ನು ಸರಿಸಿಕೊಂಡು ವಾಪಸು ಬಂದಳು. ಮಗಳ ಬೆರಳು ತೋರಿಸಿದ ಕಡೆ ಬಗ್ಗಿ ನೋಡಿದಳು. ಎಲ್ಲ ಮಕ್ಕಳೂ ಕ್ಯಾಮೆರಾ ನೋಡುತ್ತಿದ್ದರೆ ಆ ನಾಲ್ಕನೆಯವನು ಮಾತ್ರ ಪಕ್ಕದಲ್ಲಿ ಏನನ್ನೋ ನೋಡುತ್ತಿದ್ದ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನೆಟ್ಟಗಾಗಿ, ಗಂಡನ ಕಡೆ ತಿರುಗದೆ, "ಪ್ರಯೋಗಾಲಯದಲ್ಲಿ ಕುರಿಯ ಶ್ವಾಸಕೋಶ ಊದಿ ತೋರಿಸ್ತಿದ್ದಾರೆ, ಬಾ," ಎಂದು ಮಗಳ ಕೈ ಹಿಡಿದು ನಡೆದುಬಿಟ್ಟಳು.

ಮೂರು ವಾರದಿಂದ ಆ ಮನೆಯಲ್ಲಿ ಒಂದೇ ಮಾತು. ಗ್ರಹಾಂ ಊರಾಚೆಯ ಗುಡ್ಡದ ಮೇಲಿನ ಹಾಲಿಂಗ್‌ವುಡ್ ಎಂಬ ಖಾಸಗಿ ಶಾಲೆಯಲ್ಲಿ ಮೈದಾನ ನೋಡಿಕೊಳ್ಳುವವನು. ಹತ್ತೊಂಬತ್ತು ವರ್ಷದ ಕೆಲಸ. ನೌಕರರ ಮಕ್ಕಳು ಅಲ್ಲಿನ ಪರೀಕ್ಷೆ ಪಾಸಾದರೆ ಹೆಚ್ಚುಕಡಿಮೆ ಪುಕ್ಕಟೆಯಾಗಿ ಓದಬಹುದಿತ್ತು. ಬ್ರಯನಿ ಅದನ್ನೂ ಪಾಸಾದಳು, ಸರ್ಕಾರದ ಗ್ರಾಮರ್ ಶಾಲೆಯದನ್ನೂ ಪಾಸಾದಳು. ಹಾಲಿಂಗ್‌ವುಡ್‌ಗೆ ಸೋಮವಾರ ಉತ್ತರ ಹೇಳಬೇಕು. ಗ್ರಾಮರ್ ಸೀಟಿಗಾಗಿ ಕೌಂಟಿ ಆಡಳಿತಕ್ಕೆ ಹಾಕುವ ಅರ್ಜಿಗೆ ತಿಂಗಳ ಕೊನೆಯ ದಿನವೇ ಗಡುವು.

ದಂತವೈದ್ಯರ ಚಿಕಿತ್ಸಾಲಯದಲ್ಲಿ ಸ್ವಾಗತದ ಮೇಜಿನ ಕೆಲಸ ಮಾಡುವ ಲಿನೆಟ್‌ಗೆ ಈ ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಅವಳಿಗೆ ನಾಲ್ಕು ಅಂಕದಲ್ಲಿ ಗ್ರಾಮರ್ ತಪ್ಪಿತ್ತು. ಉಳಿದವರ ಹಾಗೆ ರೈಲು ಹಳಿಯಾಚೆಯ ಶಾಲೆಗೆ ಹೋದಳು. ಆ ಊರಿನಲ್ಲಿ ತಲೆ ನರೆತವರನ್ನೂ ಜನ ಇವರು ಗ್ರಾಮರ್, ಇವರು ಹಳಿಯಾಚೆ ಎಂದೇ ಗುರುತಿಸುತ್ತಿದ್ದರು.

"ಇದು ಅವಳು ಬರೆದು ಗೆದ್ದ ಸೀಟು," ಎನ್ನುತ್ತಿದ್ದಳು ಲಿನೆಟ್. "ಅದು ಅಪ್ಪ ಹುಲ್ಲು ಕತ್ತರಿಸ್ತಾನೆ ಅಂತ ಕೊಡೋ ಸೀಟು."

"ಅಲ್ಲಿ ಕ್ಲಾಸಿಗೆ ಹದಿನಾಲ್ಕೇ ಮಕ್ಕಳು, ಲಿನ್. ಒಂದು ಮಗೂಗೆ ತಿಳೀಲಿಲ್ಲ ಅಂದ್ರೆ ಟೀಚರಿಗೆ ಗೊತ್ತಾಗಿಬಿಡುತ್ತೆ."

ಇದೊಂದೇ ಮಾತನ್ನು ಅವನು ಇಪ್ಪತ್ತು ಸಲವಾದರೂ ಹೇಳಿದ್ದ. ಯಾಕೆ ಇದನ್ನೇ ಹೇಳುತ್ತೀಯ ಎಂದು ಯಾರೂ ಕೇಳಿರಲಿಲ್ಲ.

ಹಿಂದಿನ ಶನಿವಾರ ಮೂವರೂ ಹಾಲಿಂಗ್‌ವುಡ್ ನೋಡಲು ಹೋಗಿದ್ದರು. ದಿನಾ ಹಿಂದಿನ ಗೇಟಿನಿಂದ ಹೋಗುವವನು ಅಂದು ಟೈ ಕಟ್ಟಿಕೊಂಡು ಮುಂದಿನ ಬಾಗಿಲಿನಿಂದ ಹೋದ. ಶಾಲೆ ತೋರಿಸಲು ಬಂದ ಹದಿನೇಳರ ಹುಡುಗಿ ಬಹಳ ಮರ್ಯಾದೆಯವಳು. ಮೈದಾನದ ಅಂಚಿನಲ್ಲಿ ನಿಂತು, "ಈ ಹುಲ್ಲಿನ ಪಟ್ಟೆಗಳನ್ನ ನೋಡಿ ಸರ್, ನಮ್ಮ ಮೈದಾನದವರು ಗುರುವಾರ ಗುರುವಾರ ಹೊಸದಾಗಿ ಹಾಕ್ತಾರೆ," ಎಂದಳು. ಅದು ಬುಧವಾರ ಎಂದು ಹೇಳಬೇಕೆನಿಸಿದರೂ ಅವನು ಹೇಳಲಿಲ್ಲ. ಐದು ವರ್ಷದಿಂದ ದಿನಾ ಟ್ರ್ಯಾಕ್ಟರಿನ ಮೇಲಿನಿಂದ ಅವಳಿಗೆ ಕೈ ಎತ್ತಿದವನು ಅವನೇ, ಅವಳೂ ತಿರುಗಿ ಕೈ ಬೀಸುತ್ತಿದ್ದಳು. ಟೋಪಿ ಇಲ್ಲದ ತಲೆ ಅವಳಿಗೆ ಗುರುತು ಸಿಕ್ಕಲಿಲ್ಲ. ಅವನಿಗೆ ಅದು ತಮಾಷೆಯಾಗಿ ಕಂಡು, ಕಾರಿನಲ್ಲಿ ಹೇಳಿಕೊಂಡು ನಕ್ಕ. ಲಿನೆಟ್ ಕೂಡ ನಕ್ಕಳು. ಬ್ರಯನಿ ನಗದೆ, "ಹಾಗಾದ್ರೆ ಅವಳು ಇಷ್ಟು ವರ್ಷ ಕೈ ಬೀಸಿದ್ದು ಯಾರಿಗೆ?" ಎಂದು ಕೇಳಿದ್ದಳು.

ಈಗ ಗ್ರಾಮರ್ ಶಾಲೆಯಿಂದ ವಾಪಸು ಬರುವಾಗ ದಾರಿಯ ಅಂಗಡಿಯಲ್ಲಿ ಕರಿದ ಮೀನು, ಆಲೂಗಡ್ಡೆ ಕಟ್ಟಿಸಿಕೊಂಡರು. ಮನೆಗೆ ಬಂದು ಕಾಗದ ಬಿಡಿಸಿ, ವಿನೆಗರ್ ಸುರಿದುಕೊಂಡ ಮೇಲೆ ಲಿನೆಟ್ ಕೇಳಿದಳು.

"ನೀನು ನಮ್ಮ ಹಳಿಯಾಚೆ ಸ್ಕೂಲಲ್ಲಿದ್ದೆಯಲ್ಲೋ. ನಾನೇ ಕಣ್ಣಾರೆ ನೋಡಿದೀನಿ."

"ನೀನು ಸೇರೋ ಹೊತ್ತಿಗೆ ಅಲ್ಲಿಗೆ ಬಂದಿದ್ದೆ. ಅದಕ್ಕೆ ಮುಂಚೆ ಒಂದೂವರೆ ವರ್ಷ ಗ್ರಾಮರ್‌ನಲ್ಲಿದ್ದೆ."

"ಫೇಲಾದೆ ಅಂತ ಹೇಳಿದ್ದೆ ನನಗೆ."

"ನೀನೇ ಹಾಗಂದುಕೊಂಡೆ. ನಾನು ಇಲ್ಲ ಅನ್ನಲಿಲ್ಲ."

ಬ್ರಯನಿ ಎರಡೂ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಕೂತಳು. "ಯಾಕೆ ಬಿಟ್ಟೆ?"

ಗ್ರಹಾಂ ಮೀನಿನ ಮೇಲಿನ ಗರಿಗರಿ ಹಿಟ್ಟಿನ ಪದರವನ್ನು ಸುಲಿದು ಬದಿಗಿಟ್ಟ. ಈ ಕಥೆಯನ್ನು ಅವನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

"ಮೊದಲನೇ ವಾರ ಲೆಕ್ಕದ ಮೇಷ್ಟ್ರು ಬೋರ್ಡ್ ಮೇಲೆ ಎಕ್ಸ್ ಅಂತ ಬರೆದ್ರು. ಅದು ಏನು ಅಂತ ನನಗೆ ಗೊತ್ತಾಗಲಿಲ್ಲ. ಗುಣಿಸೋ ಗುರುತು ಅಂದ್ಕೊಂಡೆ. ಉಳಿದೋರೆಲ್ಲ ತಲೆ ಬಗ್ಗಿಸಿ ಬರ್ಕೋತಾ ಇದ್ರು. ನಾಳೆ ಕೇಳೋಣ ಅಂದ್ಕೊಂಡೆ. ನಾಳೆ ಅನ್ನೋದ್ರೊಳಗೆ ಅವರು ಇನ್ನೊಂದು ಪಾಠಕ್ಕೆ ಹೋಗಿದ್ರು. ಕ್ರಿಸ್‌ಮಸ್ ಹೊತ್ತಿಗೆ ಕೇಳೋದಾದ್ರೂ ಏನು ಅಂತಾನೇ ಗೊತ್ತಿರಲಿಲ್ಲ."

"ಆಮೇಲೆ?"

"ಇನ್ನೊಂದು ವರ್ಷ ಹೇಗೋ ತಳ್ಳಿದೆ. ಎಲ್ಲದರಲ್ಲೂ ಕೊನೆ. ಫೆಬ್ರವರಿಯಲ್ಲಿ ಒಂದಿನ ಬಸ್ಸಿಂದ ಇಳೀಲೇ ಇಲ್ಲ. ಕೊನೇ ಸ್ಟಾಪು ತನಕ ಹೋಗಿ ಸಮುದ್ರದ ಹತ್ತಿರ ಕೂತಿದ್ದೆ. ಹನ್ನೊಂದು ದಿನ ಹಾಗೇ ಮಾಡಿದೆ. ಸ್ಕೂಲಿಂದ ಕಾಗದ ಬಂತು. ನಿನ್ನ ತಾತ ಗಣಿಯಿಂದ ಬಂದೋನು ಅದನ್ನ ಓದಿ ಒಂದು ಮಾತೂ ಬೈಲಿಲ್ಲ. ನನ್ನ ಯೂನಿಫಾರ್ಮ್ ಮಡಿಸಿ, ಚರ್ಚಿನ ಹಳೇ ಬಟ್ಟೆ ಪೆಟ್ಟಿಗೆಗೆ ಹಾಕಿ ಬಂದ."

ಲಿನೆಟ್ ಫೋರ್ಕು ಕೆಳಗಿಟ್ಟಳು. "ನಾಲ್ಕು ಅಂಕ," ಎಂದಳು ಮೆಲ್ಲಗೆ. "ಅಂಥ ಫೋಟೋದಲ್ಲಿ ನಿಲ್ಲೋಕೆ ನನಗೆ ನಾಲ್ಕೇ ಅಂಕ ಕಮ್ಮಿ ಬಿತ್ತು. ಎಷ್ಟು ದಿನ ಅತ್ತಿದ್ದೆ ಗೊತ್ತಾ? ನೀನು ಅಲ್ಲಿ ಜಾಗ ಇಟ್ಕೊಂಡು ಸಮುದ್ರ ನೋಡ್ತಾ ಕೂತಿದ್ದೆ."

ಅವಳು ಎದ್ದು ಖಾಲಿಯಾಗದ ತಟ್ಟೆಗಳನ್ನೇ ತೆಗೆದುಕೊಂಡು ಹೋಗಿ ನಲ್ಲಿ ಬಿಟ್ಟಳು. ನೀರು ಬಹಳ ಹೊತ್ತು ಸುರಿಯಿತು. ವಾಪಸು ಬಂದಾಗ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಳು.

"ಹಾಲಿಂಗ್‌ವುಡ್‌ಗೇ ಹೋಗ್ಲಿ ಬಿಡು."

ಗ್ರಹಾಂ ತಲೆ ಎತ್ತಿದ. "ನಾನು ಗ್ರಾಮರ್ ಆಗಲಿ ಅಂತ ಹೇಳೋದ್ರಲ್ಲಿದ್ದೆ."

"ಈಗಷ್ಟೇ ಹೇಳಿದೆಯಲ್ಲೋ, ಸಮುದ್ರ, ಹನ್ನೊಂದು ದಿನ ಅಂತ! ಹದಿನಾಲ್ಕು ಮಕ್ಕಳ ಕ್ಲಾಸು ಅಂತ ಮೂರು ವಾರದಿಂದ ತಲೆ ತಿಂದಿದ್ದು ಯಾರು?"

"ಕುರಿ ನೋಡೋಕೆ ನೀವು ಹೋದಾಗ ನಾನು ಆ ಲೆಕ್ಕದ ಕೋಣೆಗೆ ಹೋಗಿದ್ದೆ. ಸಣ್ಣ ಕೋಣೆ, ಲಿನ್. ನಮ್ಮ ಗ್ಯಾರೇಜಿಗಿಂತ ಒಂದು ಚೂರು ದೊಡ್ಡದು, ಅಷ್ಟೇ. ಇದಕ್ಕಾ ನಾನು ಇಷ್ಟು ವರ್ಷ ಹೆದರಿದ್ದು ಅನ್ನಿಸ್ತು." ಅವನು ಎರಡು ಕೈಗಳಿಂದ ಅಗಲ ತೋರಿಸಿದ. ಆಮೇಲೆ ಕೈಗಳನ್ನು ಹಾಗೇ ಮೇಜಿನ ಮೇಲಿಟ್ಟ.

ಬ್ರಯನಿ ನಕ್ಕುಬಿಟ್ಟಳು. "ನೀವಿಬ್ಬರೂ ಜಾಗ ಅದಲುಬದಲು ಮಾಡ್ಕೊಂಡ್ರಿ."

ಲಿನೆಟ್‌ಗೂ ನಗು ಬಂತು, ಕಣ್ಣು ಇನ್ನೂ ಕೆಂಪಗಿತ್ತು. "ಸರಿ, ಜಾಣೆ, ನೀನು ಹೇಳು."

"ಮೊದಲು ಅಪ್ಪ ಹೇಳಲಿ. ಎಕ್ಸ್ ಅಂದ್ರೆ ಏನು ಅಂತ ನಿನಗೆ ಈಗ ಗೊತ್ತಾ?"

"ಇಲ್ಲ."

"ಇಷ್ಟು ವರ್ಷ ಯಾರನ್ನೂ ಕೇಳಲಿಲ್ವಾ? ಅಮ್ಮನ್ನ?"

"ನಾನೂ ತನ್ನ ಹಾಗೆ ಫೇಲಾದೋನು ಅಂದ್ಕೊಂಡು ಮದುವೆಯಾದಳು. ಕೇಳಿದ್ರೆ ಗ್ರಾಮರ್ ವಿಷಯ ಹೊರಗೆ ಬರ್ತಿತ್ತಲ್ಲ, ಹೇಗೆ ಕೇಳಲಿ?"

ಬ್ರಯನಿ ಅವನನ್ನು ಬೆಳಿಗ್ಗೆ ಫೋಟೋ ನೋಡಿದ ಹಾಗೇ ನೋಡಿದಳು. "ನಾನು ಗ್ರಾಮರ್‌ಗೆ ಹೋಗ್ತೀನಿ," ಎಂದಳು. "ಹಾಲಿಂಗ್‌ವುಡ್‌ನಲ್ಲಿ ನಾನು ಕೇಳೋಕೆ ಮುಂಚೆನೇ ಎಲ್ಲಾ ಹೇಳಿಬಿಡ್ತಾರೆ. ಕೇಳೋಕೆ ಏನೂ ಉಳಿಯಲ್ಲ. ಇವತ್ತು ಆ ಕುರಿ ಟೀಚರ್‌ನ, ಶ್ವಾಸಕೋಶ ಎರಡೂ ಯಾಕೆ ಒಂದೇ ಅಳತೆ ಇಲ್ಲ ಅಂತ ಕೇಳಿದೆ. ಹೃದಯಕ್ಕೆ ಜಾಗ ಬೇಕಲ್ಲ ಅಂದ್ರು. ಹಾಗಾದ್ರೆ ಹೃದಯ ಯಾಕೆ ಒಂದು ಕಡೆಗಿದೆ ಅಂದೆ. ಗೊತ್ತಿಲ್ಲ ಪುಟ್ಟಿ, ಹುಡುಕಬೇಕು ಅಂದ್ರು." ಒಂದು ಕ್ಷಣ ತಡೆದು ಮತ್ತೆ ಹೇಳಿದಳು. "ಮತ್ತೆ ಹಾಲಿಂಗ್‌ವುಡ್‌ನಲ್ಲಿ ನೀನಿರ್ತೀಯ, ಅಪ್ಪಾ. ನನಗೆ ತಿಳೀತೋ ಇಲ್ವೋ ಅಂತ ದಿನಾ ನನ್ನ ಸುತ್ತಾನೇ ಇರ್ತೀಯ. ನೀನು ಹೆದರಿಕೊಂಡಿರೋದು ನೋಡಿದ್ರೆ ನನಗೂ ಹೆದರಿಕೆ ಆಗುತ್ತೆ."

ಅದು ಅವನಿಗೆ ನಾಟಿತು. ಮೇಜಿನ ಮೇಲಿನ ಕಾಗದದಲ್ಲಿ ಉಳಿದಿದ್ದ ತಣ್ಣಗಾದ ಆಲೂಗಡ್ಡೆಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡ. ಸಂಜೆ ಮೂವರೂ ಕಂಪ್ಯೂಟರಿನ ಮುಂದೆ ಕೂತು ಅರ್ಜಿ ತುಂಬಿದರು. ಕೊನೆಯ ಗುಂಡಿಯನ್ನು ಲಿನೆಟ್ ತಾನೇ ಒತ್ತುತ್ತೇನೆಂದಳು. ಒತ್ತುವಾಗ ಉಸಿರು ಬಿಗಿಹಿಡಿದಳು.

ಸೋಮವಾರ ಗ್ರಹಾಂ ಹಾಲಿಂಗ್‌ವುಡ್‌ನ ಕಚೇರಿಗೆ ಹೋಗಿ ಆಡಳಿತ ನೋಡಿಕೊಳ್ಳುವ ಶ್ರೀಮತಿ ಟ್ರೆಹರ್ನ್‌ಗೆ ವಿಷಯ ತಿಳಿಸಿದ. ಆಕೆ ಕನ್ನಡಕ ತೆಗೆದು ನೋಡಿದರು.

"ಇಂಥ ಅವಕಾಶಾನ ಯಾರೂ ಬಿಡಲ್ಲ ಗ್ರಹಾಂ. ಯೋಚನೆ ಮಾಡಿದೀರಾ?"

"ಮಗಳು ಮಾಡಿದಾಳೆ, ಮೇಡಂ."

ಆಮೇಲೆ ಅವನು ಯಂತ್ರ ತೆಗೆದುಕೊಂಡು ಹಳೆಯ ಕಟ್ಟಡದ ಕೆಳಗಿನ ಹುಲ್ಲಿಗೆ ಹೋದ. ಚಳಿಗಾಲಕ್ಕೆ ಮುಂಚಿನ ಕೊನೆಯ ಕಟಾವು ಅದು. ನೆಲ ತೇವವಾಗಿತ್ತು, ಹುಲ್ಲು ಮುದ್ದೆ ಮುದ್ದೆಯಾಗಿ ಅಂಟುತ್ತಿತ್ತು. ಎರಡು ಸಾಲು ಮುಗಿಸಿ ತಿರುಗುವಾಗ ಮೇಲಿನ ತರಗತಿಯ ಕಿಟಕಿ ತೆರೆದಿರುವುದು ಕಂಡಿತು. ಹತ್ತೊಂಬತ್ತು ವರ್ಷ ಆ ಕಿಟಕಿಗಳ ಕೆಳಗೆ ಓಡಾಡಿದ್ದರೂ ಯಂತ್ರದ ಸದ್ದಿನಲ್ಲಿ ಒಳಗಿನ ಮಾತು ಎಂದೂ ಕಿವಿಗೆ ಬಿದ್ದಿರಲಿಲ್ಲ. ಅವನು ಕೈ ಚಾಚಿ ಯಂತ್ರವನ್ನು ನಿಲ್ಲಿಸಿದ.

"ಎಲ್ಲಾ ವಸ್ತುಗೂ ನೆರಳಿರುತ್ತೆ ಅಂತೀರಿ," ಎನ್ನುತ್ತಿದ್ದರು ಒಳಗಿನ ಮೇಷ್ಟರು. "ಸರಿ. ಮೇಣದ ಬತ್ತಿಯ ಉರಿಗೆ ನೆರಳಿದೆಯೇ?"

ಒಳಗೆ ಯಾವುದೋ ಕುರ್ಚಿ ಕಿರುಗುಟ್ಟಿತು. ಗ್ರಹಾಂಗೂ ಉತ್ತರ ಗೊತ್ತಿರಲಿಲ್ಲ. ಅವನು ಟೋಪಿಯನ್ನು ಕಿವಿಯ ಮೇಲಿನಿಂದ ಸರಿಸಿ, ಬೂಟಿಗೆ ಹತ್ತಿದ್ದ ಹಸಿ ಹುಲ್ಲನ್ನು ಹಾಗೇ ಬಿಟ್ಟು, ಕಾಯುತ್ತಾ ನಿಂತ.