ಟವಲಿನಡಿ ನನ್ನ ಬೆಲೆ

ನಾನು ಒಂದು ಹೆಣ್ಣು ಕುದುರೆ. ಕುದುರೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವ ಎತ್ತರದ ಪ್ರಾಣಿಯಲ್ಲ, ಕುರಿಗಾರರ ಗಿಡ್ಡ ತಟ್ಟು. ಭೀಮಾ ನದಿಯ ದಂಡೆಯಲ್ಲಿ ಕುರಿಹಿಂಡು ಬೀಡುಬಿಟ್ಟಿದ್ದಾಗ ಹುಟ್ಟಿದೆ. ಮರುದಿನವೇ ಹಿಂಡು ಹೊರಟಿತು, ತಾಯಿಯ ಪಕ್ಕ ನಾನೂ ನಡೆದೆ. ಹುಟ್ಟಿದ ಊರು ಯಾವುದೆಂದು ಯಾರಾದರೂ ಕೇಳಿದರೆ ದಾರಿ ಎನ್ನಬೇಕಷ್ಟೆ. ಬೆನ್ನು ಗಟ್ಟಿಯಾದ ಮೇಲೆ ಪಾತ್ರೆ, ಕಂಬಳಿ, ನಡೆಯಲಾರದ ಎಳೆಯ ಕುರಿಮರಿಗಳು ನನ್ನ ಮೇಲೆ ಬಂದವು. ಅಷ್ಟು ಬೆಚ್ಚಗಿನ ಹೊರೆ ಮತ್ತೆ ನನಗೆ ಸಿಗಲಿಲ್ಲ.

ಆಮೇಲೆ ಮಕ್ತುಮಸಾಬ ನನ್ನನ್ನು ಕೊಂಡು ವಿಜಯಪುರಕ್ಕೆ ತಂದು ಟಾಂಗಾಕ್ಕೆ ಕಟ್ಟಿದ. ಗುಂಬಜ್ ನೋಡಲು ಬಂದವರು ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಆಟೊ ಹತ್ತುತ್ತಿದ್ದರು. ನಮ್ಮ ಹೊಟ್ಟೆ ನಡೆದದ್ದು ಬೆಳಗಿನ ಹೊತ್ತು ಮಾರ್ಕೆಟ್ಟಿನಿಂದ ಓಣಿಗಳಿಗೆ ಹೋಗುವ ಕಾಯಿಪಲ್ಯೆ ಮಾರುವ ಹೆಂಗಸರಿಂದ. ಅವರಲ್ಲಿ ಹಿರಿಯಳು ನೀಲವ್ವ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು.

ನನ್ನ ಕಣ್ಣು ಒಂದೇ ದಿನ ಹೋಗಲಿಲ್ಲ. ಮೊದಲು ಸಂಜೆಗಳು ಬೇಗ ಬರತೊಡಗಿದವು. ಕಡೆಗೆ ಬೆಳಗೇ ಆಗಲಿಲ್ಲ. ಹೊರಗಿನಿಂದ ಕಣ್ಣು ಕರ್ರಗೆ ಹೊಳೆಯುತ್ತಲೇ ಇತ್ತಂತೆ. ದಾರಿ ಕಾಲಿಗೆ ಗೊತ್ತಿತ್ತು, ನಾನು ಅತ್ತಿತ್ತ ವಾಲದೆ ನಡೆದೆ. ಸ್ಟ್ಯಾಂಡಿನ ಇನ್ನೊಬ್ಬ ಟಾಂಗಾದವ ಲಾಲಸಾಬ, ಇದು ಕುದುರೆಯಲ್ಲ, ಹಳಿ ಮೇಲಿನ ರೈಲು ಎಂದು ನಗುತ್ತಿದ್ದ. ಮಕ್ತುಮಸಾಬನಿಗೆ ಮಾತ್ರ ತಿಳಿದುಹೋಗಿತ್ತು. ಅವನು ಯಾರಿಗೂ ಹೇಳಲಿಲ್ಲ, ಆದರೆ ತಿರುವು ಬಂದಾಗಲೆಲ್ಲ, “ಎಡಕ್ಕ ಬೇಟಿ, ಮೆಲ್ಲಕ” ಎಂದು ಪಿಸುಗುಡತೊಡಗಿದ. ಹಿಂದೆ ಕೂತ ನೀಲವ್ವ ಅದನ್ನು ಕೇಳುತ್ತಾ ಕೇಳುತ್ತಾ ಅರ್ಥಮಾಡಿಕೊಂಡಳು. ಅವಳೂ ಬಾಯಿ ಬಿಡಲಿಲ್ಲ.

ಟಾಂಗಾ ಹತ್ತುವವರು ಕಡಿಮೆಯಾದರು. ನನ್ನನ್ನು ಮಾರಿದರೆ ಸಾಮಾನು ಸಾಗಿಸುವ ಒಂದು ಹಳೆಯ ಗೂಡ್ಸ್ ಆಟೊವನ್ನಾದರೂ ಕೊಳ್ಳಬಹುದು, ಇಲ್ಲವಾದರೆ ಕುದುರೆಯ ಜೊತೆ ನಾವೂ ಉಪವಾಸ ಎಂದು ಮಕ್ತುಮಸಾಬ ಹೆಂಡತಿಯೊಡನೆ ಹೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಶಕ್ತಿ ಬೇಕು.

ಕೊಳ್ಳಲು ಬಂದವನು ತಾಳಿಕೋಟೆಯ ರಾಚಪ್ಪ. ಸ್ಟ್ಯಾಂಡಿನಲ್ಲೇ ನನ್ನ ಹಲ್ಲು ನೋಡಿದ, ಕಾಲು ಎತ್ತಿಸಿದ. ಕಣ್ಣುಪಟ್ಟಿ ಸರಿಸಿ ಕಣ್ಣ ಮುಂದೆ ಕೈ ಆಡಿಸಿದ. ಗಾಳಿ ತಾಗಿತು, ರೆಪ್ಪೆ ಬಡಿದೆ. ಅವನಿಗೆ ಸಮಾಧಾನವಾಯಿತು.

“ಸಾಲಿ ಹುಡುಗೂರ್ನ ಕರಕೊಂಡು ಹೋಗಾಕ ಬೇಕಾಗೇತ್ರಿ. ಸಣ್ಣ ಹುಡುಗೂರು, ಕುದುರಿ ಶಾಂತ ಇರಬೇಕು,” ಎಂದ.

ಆಮೇಲೆ ಮಾತು ನಿಂತಿತು. ಇಬ್ಬರ ಕೈ ಮೇಲೆ ಟವಲು ಬಿದ್ದಿದೆ ಎಂದು ಅದರಿಂದಲೇ ತಿಳಿಯಿತು. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಬೆರಳು ಹಿಡಿದೇ ಕೇಳುತ್ತಾರೆ. ಅದು ಏಳುವ ತನಕ ಸುತ್ತ ನಿಂತವರು ಉಸಿರೆತ್ತಬಾರದು. ಇವತ್ತು ಒಬ್ಬನ ಕುದುರೆಯ ಐಬು ಆಡಿದವನ ಕುದುರೆಯನ್ನು ನಾಳೆ ಯಾರೂ ಕೊಳ್ಳಗೊಡುವುದಿಲ್ಲ.

“ತಮ್ಮಾ,” ಎಂದು ರಾಚಪ್ಪನನ್ನು ಕರೆದಳು ಟಾಂಗಾ ಹತ್ತಲು ಬಂದು ನಿಂತಿದ್ದ ನೀಲವ್ವ, “ಆ ಕುದುರಿಗೆ ಕಣ್ಣಿಲ್ಲಪಾ.”

“ನೀಲಕ್ಕಾ, ಟವಲ್ ಬಿದ್ದೈತಿ,” ಎಂದ ಲಾಲಸಾಬ.

“ಬಿದ್ರ ಬಿದ್ದಿರಲಿ. ಹುಡುಗೂರು ತುಂಬಿದ ಗಾಡಿ ಕೆರಿಗೆ ಬಿತ್ತಂದ್ರ ಅದರ ಮ್ಯಾಲೂ ಟವಲ್ ಹಾಕ್ತೀರೇನು?”

ರಾಚಪ್ಪ ಕೈ ಎಳೆದುಕೊಂಡು ಹೊರಟುಹೋದ. ಮಕ್ತುಮಸಾಬ ಬಹಳ ಹೊತ್ತು ಟವಲು ಕೊಡವುತ್ತಿದ್ದ. ಕಡೆಗೆ, “ನಾಳಿಂದ ನನ್ನ ಗಾಡಿ ಹತ್ತಬ್ಯಾಡ ಅಕ್ಕಾ,” ಎಂದ.

ಅವಳು ಹತ್ತಲಿಲ್ಲ. ಉಳಿದ ಟಾಂಗಾದವರೂ ಅವಳನ್ನು ಹತ್ತಿಸಿಕೊಳ್ಳಲಿಲ್ಲ. ಬುಟ್ಟಿ ತಲೆಯ ಮೇಲೆ ಹೊತ್ತು ನಡೆಯತೊಡಗಿದಳು. ನಾವು ಅವಳನ್ನು ದಾಟಿ ಹೋಗುವಾಗ ಅವಳ ಏದುಸಿರು ಕೇಳುತ್ತಿತ್ತು.

ಒಂದು ಬೆಳಗ್ಗೆ, ಪೈಪು ಹಾಕಲು ಅಗೆದ ರಸ್ತೆಯಲ್ಲಿ ನನ್ನ ಕಾಲಿಗೆ ನೆಲ ಸಿಗಲಿಲ್ಲ. ಟಾಂಗಾ ವಾಲಿತು, ಮಕ್ತುಮಸಾಬ ಮಣ್ಣಿಗೆ ಬಿದ್ದ. ನಾನು ಕಾಲು ಕೀಳದೆ ನಿಂತೆ. ಹಿಂದೆ ಬುಟ್ಟಿ ಇಳಿಸಿದ ಸದ್ದು. ನೀಲವ್ವ ಬಂದು ಲಗಾಮು ಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡಿಸಿದಳು.

ಮಕ್ತುಮಸಾಬ ಎದ್ದು ಮೈ ಕೊಡವಿಕೊಂಡ. “ಹತ್ತು ಅಕ್ಕಾ,” ಎಂದ.

ಅವಳು ಬುಟ್ಟಿಯನ್ನಷ್ಟೇ ಸೀಟಿನ ಮೇಲಿಟ್ಟಳು. “ನಾ ಮುಂದ ನಡೀತೀನಿ. ಎಲ್ಲೆಲ್ಲಿ ಅಗದಾರ ನನಗ ಗೊತ್ತೈತಿ.”

ಈಗ ನನಗೆ ಮಾರ್ಕೆಟ್ಟಿನಿಂದ ಓಣಿಗಳಿಗೆ ಹೋಗುವ ಅದೊಂದೇ ಬೆಳಗಿನ ಕೆಲಸ. ಗೂಡ್ಸ್ ಆಟೊ ಕೊಳ್ಳಲಾಗಲಿಲ್ಲ. ಮಕ್ತುಮಸಾಬ ಮಧ್ಯಾಹ್ನದ ಮೇಲೆ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ. ನಾನು ಗೋಡೆಯ ನೆರಳಲ್ಲಿ ನಿಂತು ಯೋಚಿಸುತ್ತೇನೆ. ನೀಲವ್ವ ಅಂದು ಬಾಯಿ ಬಿಟ್ಟದ್ದು ನನಗಾಗಿ ಅಲ್ಲ, ಕಾಣದ ಊರಿನ ಮಕ್ಕಳಿಗಾಗಿ. ಅದು ನನಗೆ ಗೊತ್ತಿದೆ. ಆದರೂ ಬೆಳಗ್ಗೆ ಅವಳು ಮುಂದೆ ನಡೆಯುವಾಗ ಟಾಂಗಾದಲ್ಲಿ ಒಬ್ಬರ ಭಾರ ಕಡಿಮೆ ಇರುತ್ತದೆ. ಈ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಪ್ರೀತಿಯನ್ನು ನನ್ನ ಬೆನ್ನು ಗುರುತಿಸಲಾರದು.