ಎಡ ಸೀಟಿನ ಮದುಮಗ

ಮದುಮಗನನ್ನು ಲಾರಿಯ ಎಡ ಸೀಟಿನಲ್ಲಿ ಕೂರಿಸಿ ಆಗಿತ್ತು. ಬಿಳಿ ಪಂಚೆ, ಮಡಚಿಟ್ಟ ಶಾಲು, ಮೇಲೊಂದು ಮಲ್ಲಿಗೆ ಚೆಂಡು, ವೀಳ್ಯದೆಲೆ, ಅಡಿಕೆ. ಅಷ್ಟೇ ನನ್ನ ಅಣ್ಣ ಮನ್ವಿತ್. ಮೂರು ವರ್ಷದ ಹಿಂದೆ ಜ್ವರದಲ್ಲಿ ತೀರಿಹೋದವನಿಗೆ ಈ ಆಟಿ ತಿಂಗಳಲ್ಲಿ ಮದುವೆ.

ಮದುವೆಯಾಗದೆ ಸತ್ತವರು ಹೊಸ್ತಿಲಲ್ಲೇ ನಿಂತಿರುತ್ತಾರೆ, ಒಳಗೂ ಬರಲಾರರು, ಹೊರಟೂ ಹೋಗಲಾರರು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಸತ್ತವರೂ ನಮ್ಮ ಹಾಗೆಯೇ ವರ್ಷ ವರ್ಷ ಬೆಳೆಯುತ್ತಾರಂತೆ. ಅಳದಂಗಡಿ ಕಡೆಯ ವಿಜೇತಾ ತೊಟ್ಟಿಲಲ್ಲೇ ಹೋದ ಮಗು. ಈಗ ಅವಳಿಗೆ ಮದುವೆಯ ಪ್ರಾಯ. ಎರಡು ಮನೆಯವರೂ ಮಾತಾಡಿ, ದೀಪ ಹಚ್ಚುವ ಹೊತ್ತಿಗೆ ದಿಬ್ಬಣ ಅಲ್ಲಿ ತಲುಪಬೇಕೆಂದು ನಿಶ್ಚಯವಾಗಿತ್ತು. ಸತ್ತವರ ಮದುವೆ ಆಟಿಯಲ್ಲಿ ಮಾತ್ರ, ತಪ್ಪಿದರೆ ಮುಂದಿನ ವರ್ಷದ ಆಟಿಯೇ. ಅಮ್ಮ ಅಷ್ಟು ಕಾಯಲಾರಳು. ಅಣ್ಣ ಹೋದಂದಿನಿಂದ ಅವಳು ಒಂದು ರಾತ್ರಿಯೂ ಮನೆಯ ಬಾಗಿಲಿಗೆ ಚಿಲಕ ಹಾಕಿಲ್ಲ.

ನೆಂಟರು ಜೀಪಿನಲ್ಲಿ ಮುಂದೆ ಹೋದರು. ಅಮ್ಮ, ನಾನು ಲಾರಿಯ ಹಿಂದಿನ ಉದ್ದ ಸೀಟಿನಲ್ಲಿ ಕೂತೆವು. ಅಣ್ಣನೇ ಓಡಿಸುತ್ತಿದ್ದ ಹಳೆಯ ಲಾರಿ ಅದು. ಈಗ ಅಪ್ಪ ಓಡಿಸುತ್ತಾರೆ. ಅಪ್ಪ ಕೀ ತಿರುಗಿಸಿದರು.

ಏನೂ ಇಲ್ಲ. ಒಂದು ನರಳಾಟವೂ ಇಲ್ಲ.

"ನಿನ್ನೆ ಸಂಜೆ ತೊಳೆದು ತರುವಾಗ ಒಂದೇ ಸಲಕ್ಕೆ ಎದ್ದಿತ್ತಲ್ಲ," ಎಂದರು ಅಪ್ಪ. "ಇಳಿಜಾರು ಉಂಟು, ನೆರೆಯವರನ್ನು ಕರೆದು ನಾಲ್ಕು ಜನ ಸೇರಿ ದೂಡುವ."

"ಮದುಮಗನನ್ನು ದೂಡಿ ಕಳಿಸುವುದಾ?" ಅಮ್ಮನ ದನಿ ಚೂರಿಯ ಹಾಗಿತ್ತು. "ಮನೆಯಿಂದ ಹೊರಗೆ ಹಾಕಿದ ಹಾಗೆ?"

ದೂಡಲಿಲ್ಲ. ಮೆಲ್ಕಾರ್‌ನಿಂದ ಮೆಕ್ಯಾನಿಕ್ ಹಸೈನಾರ್ ಬೈಕಿನಲ್ಲಿ ಬಂದರು. ಸೀಟಿನ ಮೇಲಿನ ಪಂಚೆ ನೋಡಿ ಅವರು ಏನೂ ಕೇಳಲಿಲ್ಲ. ಊರಿನವರೇ ಅಲ್ಲವೇ.

"ತುಕ್ರಪ್ಪಣ್ಣ, ಹೆಡ್‌ಲೈಟ್ ಹಾಕಿ. ಹಾಂ, ಈಗ ಕೀ ತಿರುಗಿಸಿ. ಮಂಕಾಯ್ತಾ ಮಗಳೇ?"

"ಇಲ್ಲ ಕಾಕ, ಹಾಗೇ ಉಂಟು," ಎಂದೆ ಎದುರು ನಿಂತು.

"ಹಾಗಾದರೆ ಬ್ಯಾಟರಿಯಲ್ಲಿ ಜೀವ ಉಂಟು. ಸ್ಟಾರ್ಟರಿಗೆ ಕರೆದದ್ದು ಕೇಳ್ತಾ ಇಲ್ಲ."

ಆದರೂ ಬ್ಯಾಟರಿಯ ತಲೆಗಳನ್ನು ಉಜ್ಜಿ ಬಿಗಿದರು. ಗೋಣಿ ಹಾಸಿ ಅಡಿಗೆ ನುಸುಳಿ, ಬ್ಯಾಟರಿಯಿಂದ ಒಂದು ತುಂಡು ವೈರನ್ನು ನೇರ ಸ್ಟಾರ್ಟರಿಗೆ ಮುಟ್ಟಿಸಿದರು. ಲಾರಿ ಮೈಕೊಡವಿ ಗುಡುಗಿತು. ಅಮ್ಮ ಕೈಮುಗಿದಳು. ಅಪ್ಪ ಆಫ್ ಮಾಡಿ ಮತ್ತೆ ಕೀ ತಿರುಗಿಸಿದರು. ಮೌನ.

"ಸ್ಟಾರ್ಟರ್ ಮೋಟರು ಗುಂಡುಕಲ್ಲಿನ ಹಾಗೆ ಗಟ್ಟಿ ಉಂಟು, ಅದಕ್ಕೇನೂ ಆಗಿಲ್ಲ," ಹಸೈನಾರ್ ಅಡಿಯಿಂದಲೇ ಹೇಳಿದರು. "ನಾನು ಹೀಗೆಯೇ ಎಬ್ಬಿಸಿ ಕಳಿಸಬಹುದು. ಆದರೆ ಮದುಮಗಳನ್ನು ಕರ್ಕೊಂಡು ಬರುವಾಗ ಅಲ್ಲಿ ಯಾರು ಅಡಿಯಲ್ಲಿ ಮಲಗುವುದು? ನೀವಾ ಪೂವಮ್ಮಕ್ಕ, ಹೊಸ ಸೀರೆಯಲ್ಲಿ?"

ಅಮ್ಮನಿಗೂ ನಗು ಬಂತು. ಅದೇ ಕೊನೆ, ಆಮೇಲೆ ನಗಲಿಲ್ಲ.

ಕೀಯಿಂದ ಹೊರಟ ಕರೆಂಟು ಸ್ಟಾರ್ಟರಿಗೆ ತಲುಪುತ್ತಿಲ್ಲ, ದಾರಿಯಲ್ಲೆಲ್ಲೋ ತುಂಡಾಗಿದೆ. ಹಸೈನಾರ್ ಬೆರಳ ತುದಿಯಲ್ಲಿ ವೈರನ್ನು ಸವರುತ್ತಾ ಹೊರಟರು. ನಡುವೆ ನಿಂತರು. "ಇದು ನೇರ ಕೆಳಗಿಳಿಯಬೇಕಿತ್ತು. ಎಡಕ್ಕೆ ಹೋಗಿದೆಯಲ್ಲ."

ವೈರು ಎಡ ಸೀಟಿನ ಅಡಿಗೆ ಹೋಗಿತ್ತು. ಅವರು ಕೈ ಚಾಚಿದರು.

"ಮುಟ್ಟಬೇಡಿ! ಅಲ್ಲಿ ಅವನುಂಟು," ಎಂದಳು ಅಮ್ಮ. "ಕೂತ ಮದುಮಗನನ್ನು ಹೆಣ್ಣಿನ ಅಂಗಳ ಮುಟ್ಟುವ ಮೊದಲು ಎಬ್ಬಿಸಬಾರದು."

ಬಿಸಿಲು ಗುಡ್ಡದ ಕಡೆಗೆ ವಾಲುತ್ತಿತ್ತು. ಆಗ ನಾನು ಆ ಸೀಟನ್ನು ಸರಿಯಾಗಿ ನೋಡಿದೆ. ಪಂಚೆ, ಶಾಲು, ಮಲ್ಲಿಗೆ ಎಲ್ಲ ಸೇರಿದರೂ ಒಂದು ಬೆಕ್ಕಿನಷ್ಟು ಭಾರವಿರಲಿಕ್ಕಿಲ್ಲ. ಸೀಟು ಮಾತ್ರ ಆಳು ಕೂತ ಹಾಗೆ ತಗ್ಗಿತ್ತು.

ಎಬ್ಬಿಸಬಾರದು, ಸರಿ. ತಾನೇ ಎದ್ದರೆ? ಅಜ್ಜಿಯ ಕತೆಗಳಲ್ಲಿ ಸತ್ತವರ ಹತ್ತಿರ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ನಾನು ಬಾಗಿ, ಅಣ್ಣನ ಕಿವಿ ಇರಬಹುದಾದ ಕಡೆ, ಮನೆಯ ತುಳುವಿನಲ್ಲಿ ಪಿಸುಗುಟ್ಟಿದೆ. "ಒಂತೆ ಲಕ್ಕ್ ಅಣ್ಣಾ." ಸ್ವಲ್ಪ ಏಳು.

ಸೀಟಿನ ಸ್ಪ್ರಿಂಗು ಕಿರ್ರೆಂದಿತು. ತಗ್ಗು ಮೆಲ್ಲ ಮೆಲ್ಲನೆ ತುಂಬಿ, ಮಲ್ಲಿಗೆ ಚೆಂಡು ಮೇಲೆ ಬಂತು. ಹಸೈನಾರ್ ಅದನ್ನು ನೋಡಿ ಬಾಯೊಳಗೆ ಏನೋ ಹೇಳಿಕೊಂಡರು. ನಾನು ಪಂಚೆ ಶಾಲನ್ನು ಮಡಿಲಿಗೆ ತೆಗೆದುಕೊಂಡೆ. ಅವು ಬೆಚ್ಚಗಿದ್ದವು.

ಸೀಟಿನಡಿಯಲ್ಲಿ ಕಡ್ಡಿಪೆಟ್ಟಿಗೆಗಿಂತ ಚಿಕ್ಕದೊಂದು ಕಪ್ಪು ಸ್ವಿಚ್ಚು. ಕೆಳಗೆ ಒತ್ತಿಕೊಂಡಿತ್ತು.

"ಕಳ್ಳರಿಗೆಂದು ಇಡುವ ಸ್ವಿಚ್ಚು. ಇಟ್ಟವನಿಗೆ ಮಾತ್ರ ಗೊತ್ತಿರ್ತದೆ," ಎಂದರು ಹಸೈನಾರ್. ಬೆರಳಿನಿಂದ ಮೇಲೆ ಮಾಡಲು ಅವರಿಗೂ ಬಲ ಬೇಕಾಯಿತು. "ಇಷ್ಟು ಗಟ್ಟಿ ಉಂಟು. ತನ್ನಷ್ಟಕ್ಕೆ ಬೀಳುವುದಲ್ಲ. ಇವತ್ತು ಇದನ್ನು ಯಾರು ಮುಟ್ಟಿದ್ದು?"

ಅಪ್ಪ ಕೀ ತಿರುಗಿಸಿದರು, ಒಂದೇ ಸಲಕ್ಕೆ ಲಾರಿ ಎದ್ದಿತು. ಅವರು ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕರೋ ಅತ್ತರೋ. "ಪಾಪಿ! ಅವನಿಗೆ ಹೆಣ್ಣು ನೋಡಲು ಹೊರಟ ದಿನವೂ ಲಾರಿ ಹೀಗೇ ಸತ್ತಿತ್ತಲ್ಲ. ನಾವು ನೋಡದೆ ವಾಪಸ್ ಒಳಗೆ ಹೋದೆವು. ಸಂಜೆ ಇವನು ಅದರಲ್ಲೇ ಕ್ರಿಕೆಟಿಗೆ ಹೋದ!"

ಅಮ್ಮನ ಮುಖ ಬಿಳಿಚಿತು. "ಹಾಗಾದರೆ ಈಗಲೂ ಅವನಿಗೆ ಮನಸ್ಸಿಲ್ಲ."

ಹಸೈನಾರ್ ಸ್ವಿಚ್ಚನ್ನು ಕತ್ತರಿಸಿ ತೆಗೆದು, ವೈರಿನ ಎರಡು ತುದಿಗಳನ್ನು ಸೇರಿಸಿ ಟೇಪು ಸುತ್ತಿದರು. "ಇನ್ನು ಇವನ ಆಟ ನಡೆಯುವುದಿಲ್ಲ," ಎಂದು ಸ್ವಿಚ್ಚನ್ನು ನನ್ನ ಅಂಗೈಗೆ ಹಾಕಿದರು. ಆಗ ಅದು ಮೇಲೆಯೇ ಇತ್ತು. ನಾನು ಬ್ಯಾಗಿಗೆ ಹಾಕಿಕೊಂಡೆ. ಪಂಚೆಯನ್ನು ಮತ್ತೆ ಸೀಟಿನಲ್ಲಿಟ್ಟಾಗ ಸೀಟು ತಗ್ಗಿತು.

ಗುರುವಾಯನಕೆರೆ ದಾಟುವವರೆಗೂ ಅಮ್ಮ ಆ ಸೀಟನ್ನೇ ನೋಡುತ್ತಿದ್ದಳು.

ಅಳದಂಗಡಿಯಲ್ಲಿ ದೀಪ ಹಚ್ಚುತ್ತಿರುವಾಗಲೇ ತಲುಪಿದೆವು. ಹುಡುಗಿಯ ತಾಯಿ ಮಣೆಯ ಮೇಲೆ ಸೀರೆ, ರವಿಕೆ, ಬಳೆ ಇಟ್ಟು, ಸೀರೆಯ ನೆರಿಗೆಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ಧಾರೆಯಾಯಿತು. ಇಬ್ಬರಿಗೂ ಎಲೆ ಹಾಕಿ ಬಡಿಸಿದರು. "ಇವಳಿಗೆ ಹಟ ಸ್ವಲ್ಪ ಜಾಸ್ತಿ," ಎಂದು ಆ ತಾಯಿ ಅಮ್ಮನ ಕೈಹಿಡಿದಳು. "ಕನಸಿನಲ್ಲಿ ಬಂದು ನನ್ನನ್ನೇ ಗದರಿಸ್ತಾಳೆ. ನೀವು ಸುಧಾರಿಸಿಕೊಳ್ಳಿ."

ಎಡ ಸೀಟಿನಲ್ಲಿ ಪಂಚೆಯ ಪಕ್ಕ ಸೀರೆ ಕೂತಿತು. ಅಪ್ಪ ಕೀ ತಿರುಗಿಸಿದರು.

ಏನೂ ಇಲ್ಲ.

ಹೆಡ್‌ಲೈಟ್ ಹಾಕಿ ತಿರುಗಿಸಿದರು. ಅಂಗಳದ ಗೋಡೆಯ ಮೇಲಿನ ಬೆಳಕು ಮಂಕಾಗಲಿಲ್ಲ. ಹೆಣ್ಣಿನ ಕಡೆಯವರು ಜಗಲಿಯಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ಅಮ್ಮ ನನ್ನ ಮೊಣಕೈ ಹಿಡಿದಳು. "ಧಾರೆ ಮುಗಿಸಿ ಇಲ್ಲೇ ಬಿಡ್ತಾನೆ ಇವಳನ್ನು."

ನಾನು ಬ್ಯಾಗಿನೊಳಗೆ ಕೈ ಹಾಕಿದೆ. ಯಾವ ವೈರಿಗೂ ಸೇರದ ಸ್ವಿಚ್ಚು ಅಲ್ಲಿತ್ತು. ಮತ್ತೆ ಕೆಳಗೆ ಒತ್ತಿಕೊಂಡಿತ್ತು.

ಹೆಬ್ಬೆರಳು ಇಟ್ಟೆ. ಆದರೆ ಮೇಲೆ ಮಾಡಲು ಮನಸ್ಸು ಬರಲಿಲ್ಲ. ಮದುವೆ ಅವನದ್ದು, ಒಪ್ಪುವುದೂ ಅವನೇ ಆಗಬೇಕು. ಮುಂದೆ ಬಾಗಿ ಅದನ್ನು ಪಂಚೆ ಮತ್ತು ಸೀರೆಯ ನಡುವೆ ಇಟ್ಟೆ, ಕೈ ತೆಗೆದೆ.

ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಳೆಗಳು ಒಂದಕ್ಕೊಂದು ತಾಗಿದ ಸದ್ದು. ಅದರ ಹಿಂದೆಯೇ, ಟಕ್.

ಅಪ್ಪನ ಕೈ ಇನ್ನೂ ಕೀಯ ಮೇಲೆಯೇ ಇತ್ತು. ಲಾರಿ ಗುಡುಗಿ ಎದ್ದಿತು. ಜಗಲಿಯಲ್ಲಿ ಯಾರೋ ಜೋರಾಗಿ ಅತ್ತರು.

ಗೇಟು ದಾಟಿದ ಮೇಲೆ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಸ್ವಿಚ್ಚು ಮೇಲೆ ಮಾಡಿದ್ದು ಅವನಲ್ಲ ವಿಸ್ಮಿತಾ. ಅವನು ಅಷ್ಟು ಸುಲಭಕ್ಕೆ ಒಪ್ಪುವ ಜಾತಿಯಲ್ಲ."

"ಮತ್ತೆ?"

"ಇವನಿಗೆ ಹೇಳಿ ಮಾಡಿಸಿದ ಹೆಣ್ಣು," ಎಂದು ಅಮ್ಮ ಮುಂದಿನ ಸೀಟನ್ನು ನೋಡಿದಳು. ಅದರಲ್ಲಿ ಎರಡು ತಗ್ಗುಗಳಿದ್ದವು, ಒಂದಕ್ಕೊಂದು ತಾಗಿದಂತೆ.

ಮನೆಗೆ ಬಂದು ಅವರಿಬ್ಬರನ್ನು ಒಳಗಿಳಿಸಿಕೊಂಡ ಮೇಲೆ ಅಮ್ಮ ಬಾಗಿಲು ಮುಚ್ಚಿದಳು. ಚಿಲಕ ಮೂರು ವರ್ಷದ ತುಕ್ಕಿನಲ್ಲಿ ಬಿಗಿದಿತ್ತು. ಎಣ್ಣೆ ಬಿಟ್ಟು, ಎರಡೂ ಕೈಯಲ್ಲಿ ಎಳೆದು, ಹಾಕಿದಳು.