ಗುಂಡುಸೂಜಿ ಡಬ್ಬಿಯ ಅಯಸ್ಕಾಂತ

ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದೇ ಬಾಗಿಲಿನ ಅಂಗಡಿ. ಎಡಗಡೆ ಗಂಡ ರವೀಂದ್ರನ ವಾಚ್ ರಿಪೇರಿ, ಬಲಗಡೆ ಹೆಂಡತಿ ಶರಾವತಿಯ ಹೊಲಿಗೆ. ನಡುವೆ ಗೋಡೆಯಿಲ್ಲ, ಪರದೆಯಿಲ್ಲ. ಅವನ ಮೇಜಿಗೆ ಯಾರು ಬಂದರು, ಎಷ್ಟೊತ್ತು ಕೂತರು, ಎಷ್ಟು ಹಲ್ಲು ಕಿರಿದರು, ಎಲ್ಲ ಇವಳ ಕಣ್ಣಿಗೆ ಬೀಳಲೇಬೇಕು. ಬೀಳದೆ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ ಬಿಡಿ.

ಭವ್ಯಾ ಬಂದದ್ದು ಒಂದು ಸಂಜೆ. ಹೊಸನಗರದವಳು, ಇಲ್ಲಿನ ಔಷಧಿ ಅಂಗಡಿಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಮದುವೆಯಾಗಿಲ್ಲ ಅನ್ನುವುದನ್ನು ಶರಾವತಿ ಕೊರಳು ನೋಡಿಯೇ ಪತ್ತೆ ಹಚ್ಚಿದಳು. ಹುಡುಗಿ ಕೈಯಲ್ಲಿದ್ದ ವಾಚು ನೋಡೋಕೆ ಲಕ್ಷಗಟ್ಟಲೆ ಬಾಳುವ ಫಾರಿನ್ ವಾಚು, ಅಸಲಿಗೆ ಡೂಪ್ಲಿಕೇಟು.

"ಸಾಗರದಲ್ಲಿ ತೋರಿಸಿದೆ. ಫಸ್ಟ್ ಕಾಪಿ ಇದು, ಸರ್ವಿಸ್ ಮಾಡಿ ಪ್ರಯೋಜನ ಇಲ್ಲ, ಒಳಗಿನ ಮಿಷನ್ನೇ ಬದಲಾಯಿಸಿ ಅಂದ್ರು," ಅಂದಳು. "ಡೂಪ್ಲಿಕೇಟ್ ಅಂತ ಗೊತ್ತಿದ್ದೇ ತಗೊಂಡೆ. ಹಿಂದಿನ ಗಾಜಲ್ಲಿ ಚಕ್ರ ಆಡೋದು ಕಾಣ್ತದಲ್ಲ, ಆ ಆಸೆಗೆ. ಇದೇ ಮಿಷನ್ ಓಡೋ ಹಾಗೆ ಏನಾದ್ರೂ ಮಾಡಿ, ರವೀಂದ್ರ ಅವರೇ."

ರವೀಂದ್ರ ಅವರೇ! ಊರಿಗೆಲ್ಲ ಅವನು ವಾಚ್ ರವಿಯಣ್ಣ. ಕಟ್ಟಿಕೊಂಡ ಹೆಂಡತಿಗೆ ಬರೀ 'ರೀ'. ಅಷ್ಟು ಚೆಂದ ಮಾಡಿ ಅವನ ಹೆಸರನ್ನ ಯಾರೂ ಕರೆದದ್ದಿಲ್ಲ. ಶರಾವತಿಗೆ ಅಂಗಾಲಿಂದ ನೆತ್ತಿತನಕ ಉರಿದುಹೋಯ್ತು.

ಇಂಥ ನಕಲಿ ವಾಚು ಬಂದರೆ ರವೀಂದ್ರನದು ಯಾವಾಗಲೂ ಒಂದೇ ಮಾತು. ಸರ್ವಿಸ್ ಮಾಡುವ ಹೊತ್ತಿನ ಬೆಲೆಗೆ ಹೊಸ ಚೀನಾ ಮಿಷನ್ನೇ ಬರ್ತದೆ, ಬದಲಾಯಿಸು, ಇಲ್ಲ ತಗೊಂಡು ಹೋಗು. ಅವತ್ತು ಹಿಂದಿನ ಗಾಜು ಬಿಚ್ಚಿ, ಕಣ್ಣಿಗೆ ಭೂತಗನ್ನಡಿಯ ಗ್ಲಾಸಿಟ್ಟು ನೋಡಿ, "ಪಾಪ, ಎಣ್ಣೆ ಒಣಗಿದೆ ಅಷ್ಟೆ. ಸರ್ವಿಸೇ ಮಾಡಾಣ," ಅಂದ.

ಯಾವುದಪ್ಪಾ ಪಾಪ, ಮಿಷನ್ನಾ, ಅವಳಾ? ಶರಾವತಿ ಪೆಡಲು ತುಳಿದ ರಭಸಕ್ಕೆ ಯಾರದ್ದೋ ರವಿಕೆಯ ತೋಳು ಸೊಟ್ಟಗೆ ಹೊಲಿದುಹೋಯ್ತು.

ಆಮೇಲೆ ದಿನಾ ಸಂಜೆ ಕೆಲಸ ಬಿಟ್ಟವಳು ನೇರ ಇಲ್ಲಿಗೇ. ಇದೇನು, ಅದ್ಯಾಕೆ ಹಾಗೆ ತಿರುಗ್ತದೆ ಅಂತ ಅವಳು ಕೇಳೋದು, ಇವನು ಹೇಳೋದು. ಮನೆಯಲ್ಲಿ 'ಉಪ್ಪು ಕಮ್ಮಿ' ಅನ್ನೋದಕ್ಕೂ ಬಾಯಿ ಬಿಡದ ಮನುಷ್ಯ ಇಲ್ಲಿ ನಗುನಗುತ್ತ ಪಾಠ ಮಾಡ್ತಿದ್ದ. ಹೋಗಲಿ ಅಂದರೆ, ಒಂದು ಸಂಜೆ ತನ್ನ ಕಣ್ಣಿನ ಗ್ಲಾಸನ್ನೇ ತೆಗೆದು ಅವಳಿಗೆ ಕೊಟ್ಟುಬಿಟ್ಟ! ಅದನ್ನು ಶರಾವತಿ ಒರೆಸೋಕೆ ಹೋದರೂ 'ಮುಟ್ಟಬೇಡ' ಅಂತಿದ್ದವನು. ಭವ್ಯಾ ಅದನ್ನು ಕಣ್ಣಿಗಿಟ್ಟು "ಅಯ್ಯೋ, ಉಸಿರಾಡ್ತಿದೆ ಇದು!" ಅಂದಳು. ಶರಾವತಿಗೆ ಉಸಿರೇ ಕಟ್ಟಿತು.

ಮಾರನೇ ದಿನ ಸರ್ವಿಸ್ ಮುಗಿದಿತ್ತು. ವಾಚನ್ನು ಓಡಿಸಿ ನೋಡೋಕೆ ಅಂತ ಮೇಜಿನ ಮೇಲಿಟ್ಟು ರವೀಂದ್ರ ಊಟಕ್ಕೆ ಹೋದ. ಶರಾವತಿಯ ಗುಂಡುಸೂಜಿ ಡಬ್ಬಿಯಲ್ಲಿ ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತ ಇತ್ತು. ಬಿದ್ದ ಸೂಜಿ ಆರಿಸೋಕೆ ಅಂತ ಅವನೇ ಕೊಟ್ಟದ್ದು. ಕೊಡುವಾಗ, "ನನ್ನ ಮೇಜಿನ ಹತ್ರ ಮಾತ್ರ ತರಬೇಡ ಮಾರಾಯ್ತಿ. ಕೀಲಿ ವಾಚಿನ ಸ್ಪ್ರಿಂಗಿನ ಸುರುಳಿ ಒಂದಕ್ಕೊಂದು ಅಂಟಿಕೊಂಡು ದಿಕ್ಕೆಟ್ಟು ಓಡ್ತದೆ," ಅಂದಿದ್ದ. ಶರಾವತಿ ಎದ್ದಳು. ಅಯಸ್ಕಾಂತ ತಂದಳು. ವಾಚಿನ ಬೆನ್ನಿಗೆ ಒತ್ತಿ ಹಿಡಿದಳು. ವಾಚು ಕೆಡಲಿ, ಇವನ ಕೈಯ ಮೇಲೆ ಅವಳಿಗೆ ನಂಬಿಕೆ ಹೋಗಲಿ, ತಿರುಗಿ ಸಾಗರಕ್ಕೇ ಹೋಗಿ ಸಾಯಲಿ.

ಆದದ್ದೇನು? ಭವ್ಯಾ ಕಟ್ಟಿಕೊಂಡು ಹೋದ ವಾಚು ಗಂಟೆಗಟ್ಟಲೆ ಮುಂದೆ ಓಡಿತು. ಅವಳು ಸಾಗರಕ್ಕೆ ಹೋಗಲಿಲ್ಲ, ತಿರುಗಿ ಇಲ್ಲಿಗೇ ಬಂದಳು. ರವೀಂದ್ರ ಮತ್ತೆ ಬಿಚ್ಚಿದ. ಅವಳು ಮತ್ತೆ ಸ್ಟೂಲು ಎಳೆದುಕೊಂಡು ಕೂತಳು. ಇರಲಾರದೆ ಇರುವೆ ಬಿಟ್ಟುಕೊಂಡೆನಲ್ಲಪ್ಪಾ ಅಂತ ಶರಾವತಿ ಹಲ್ಲು ಕಚ್ಚಿಕೊಂಡಳು. ಇನ್ನೂ ಎಷ್ಟು ಸಂಜೆ ಇದನ್ನು ನೋಡಬೇಕು!

ಮತ್ತೆ ತೊಳೆದು ಎಣ್ಣೆ ಬಿಟ್ಟರೂ ವಾಚು ಸರಿಹೋಗಲಿಲ್ಲ. ಅವತ್ತು ರಾತ್ರಿ ರವೀಂದ್ರ ತಟ್ಟೆ ಮುಂದೆ ಕೂತು ತನ್ನ ಬೆರಳುಗಳನ್ನೇ ನೋಡಿಕೊಂಡ. "ಬರೀ ಬ್ಯಾಟರಿ ಹಾಕಿ ಹಾಕಿ ಕೈ ಹೋಯ್ತು ಕಣೆ," ಅಂದ. ಶರಾವತಿಗೆ ಒಂದು ಕ್ಷಣ ಹೇಳಿಬಿಡಲಾ ಅನ್ನಿಸಿತು. ಹೇಳಿದರೆ ಮರ್ಯಾದೆ ಉಳಿಯುತ್ತದಾ? ಇನ್ನೊಂದು ಸೌಟು ಸಾರು ಬಡಿಸಿದಳು.

ಕೊನೆಗೆ ಬೆಂಗಳೂರಿಂದ ಹೊಸ ಮಿಷನ್ ತರಿಸಿದ. ಹಳೆಯದನ್ನು ಬಿಚ್ಚಿ, ಮುಳ್ಳು ಕಿತ್ತು, ಹೊಸದಕ್ಕೆ ಕೂರಿಸಿ, ಗಾಜು ಮುಚ್ಚಿ ಭವ್ಯಾಳ ಕೈಗೆ ಕೊಟ್ಟ. "ಇನ್ನು ಕೆಡಲ್ಲ. ಬರೋ ಅಗತ್ಯ ಬೀಳಲ್ಲ," ಅಂದ. ಅವಳ ಮುಖ ಸಣ್ಣದಾಯ್ತು. "ಅದೇ ಮಿಷನ್ ಓಡಿದ್ರೆ ಚೆನ್ನಾಗಿತ್ತು," ಅಂತ ಹೇಳಿ ಹೋದಳು.

ಅವತ್ತು ಶರಾವತಿಯ ಮನೆಯಲ್ಲಿ ಕಡುಬು, ಕೋಳಿ ಸಾರು! ಹಬ್ಬವಾ ಅಂತ ಪಕ್ಕದ ಮನೆಯ ಕೆರಿಯಮ್ಮನೂ ಕೇಳಿದಳು. ಹಬ್ಬವೇ ಅಂದಳು ಶರಾವತಿ.

ಮರುದಿನ ಅಂಗಡಿಯಲ್ಲಿ ರವೀಂದ್ರ ಕೆಲಸವಿಲ್ಲದೆ ಆ ಹಳೇ ಮಿಷನ್ನನ್ನೇ ಉರುಳಿಸುತ್ತ ಕೂತಿದ್ದ. ಇಷ್ಟು ದಿನ ತನ್ನ ಕೈಯನ್ನೇ ಅನುಮಾನಿಸುತ್ತಿದ್ದವನಿಗೆ ಏನನ್ನಿಸಿತೋ, ಡ್ರಾಯರಿನಿಂದ ಸಣ್ಣ ದಿಕ್ಸೂಚಿ ತೆಗೆದು ಅದರ ಪಕ್ಕ ಇಟ್ಟ. ಮುಳ್ಳು ಗರಕ್ಕನೆ ತಿರುಗಿತು. ಅಯಸ್ಕಾಂತ ಹಿಡಿದಿದೆ! ಅವನು ತಲೆಯೆತ್ತಿ ಅಂಗಡಿಯನ್ನೆಲ್ಲ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶರಾವತಿ ಗುಂಡುಸೂಜಿ ಡಬ್ಬಿಯನ್ನು ಸರಕ್ಕನೆ ಬಟ್ಟೆಯಡಿಗೆ ತಳ್ಳಿದಳು.

ರವೀಂದ್ರ ಎದ್ದು ಬಂದು ಬಟ್ಟೆ ಸರಿಸಿದ. "ನೀನಾ?"

"ಹೌದು, ನಾನೇ."

"ನನ್ನ ಕೈಯೇ ಹೋಯ್ತು ಅಂತ ನಿದ್ದೆ ಬಿಟ್ಟಿದೀನಿ ನಾನು. ಎಂಥ ಮಾಡಿದ್ಲು ಆ ಹುಡುಗಿ ನಿಂಗೆ?"

"ಅವಳ ಹತ್ರ ಅಷ್ಟು ಮಾತಾಡ್ತೀರಲ್ಲ! ನನ್ನ ಹತ್ರ ಒಂದಿನನಾದ್ರೂ ಹಂಗೆ ಮಾತಾಡಿದೀರಾ?"

"ಅವಳು ಕೇಳ್ತಾಳೆ, ಹೇಳ್ತೀನಿ. ನೀ ಒಂದಿನನಾದ್ರೂ ಕೇಳಿದ್ಯಾ?"

"ಕೇಳಿದ್ದೆ," ಅಂದಳು ಶರಾವತಿ. "ಮದುವೆಯಾದ ಹೊಸದ್ರಲ್ಲಿ. ಇದೇ ಮೇಜಿನ ಹತ್ರ ನಿಂತು ಕೇಳಿದ್ದೆ. ನಿಂಗೆ ಅರ್ಥ ಆಗಲ್ಲ, ಧೂಳು ಬೀಳ್ತದೆ, ಆಚೆ ಕೂತ್ಕೊ ಅಂದ್ರಿ. ಅವತ್ತಿಂದ ಆಚೆನೇ ಕೂತಿದೀನಿ."

ರವೀಂದ್ರ ತನ್ನ ಜಾಗಕ್ಕೆ ಹೋಗಿ, ವಾಚಿಗೆ ಹಿಡಿದ ಅಯಸ್ಕಾಂತ ಬಿಡಿಸುವ ಕರೆಂಟಿನ ಪೆಟ್ಟಿಗೆಯ ಮೇಲೆ ಹಳೇ ಮಿಷನ್ನನ್ನು ಆಡಿಸಿ, ಕೀಲಿ ಕೊಟ್ಟ. ಚಕ್ರ ಮೊದಲಿನ ಹಾಗೆ ನೆಟ್ಟಗೆ ಆಡತೊಡಗಿತು. ಸ್ಟೂಲನ್ನು ಇವಳ ಕಡೆ ತಳ್ಳಿದ. "ಆ ಗುಂಡುಸೂಜಿ ಡಬ್ಬಿ ಅಲ್ಲೇ ಬಿಟ್ಟು ಬಾ," ಅಂದು ಕಣ್ಣಿನ ಗ್ಲಾಸು ಚಾಚಿದ.

ಶರಾವತಿ ಬಂದು ಕೂತಳು. ಗ್ಲಾಸು ಕೈಗೆ ತಗೊಂಡಳು.

"ಅವಳಿಗೆ ಕೊಟ್ಟಿದ್ದೂ ಇದನ್ನೇ ಅಲ್ವಾ?"

"ಹೂಂ."

ಸೆರಗಿನ ತುದಿ ಹಿಡಿದು ಗ್ಲಾಸಿನ ಆ ಮಗ್ಗುಲು, ಈ ಮಗ್ಗುಲು ಗಸಗಸ ಉಜ್ಜಿದಳು. ರವೀಂದ್ರ 'ಮುಟ್ಟಬೇಡ' ಅನ್ನಲಿಲ್ಲ. ಇನ್ನೊಂದು ಸಲ ಉಜ್ಜಿದಳು. ಆಮೇಲೇ ಕಣ್ಣಿಗಿಟ್ಟುಕೊಂಡಳು.